ಅಕ್ಕನ ಮಗಳು ಬಿಸಿನೆಸ್ ನ್ಯೂಸ್ ಆಂಕರ್ ಆಗ್ತೀನಿ ಅಂತಾಳೆ, ಈ ಫೀಲ್ಡ್ ಗೊತ್ತಿರೋರು ಸ್ವಲ್ಪ ಹೇಳಿ

ಮುಳಬಾಗಿಲು_ಮಾವ
ಎಲ್ರಿಗೂ ನಮಸ್ಕಾರ. ನಮ್ ಅಕ್ಕನ ಮಗಳು ಈ ಸಲ ಬಿಕಾಂ ಮುಗಿಸಿದ್ಲು, ಟಮಕದ ಬೆಂಗಳೂರು ಉತ್ತರ ವಿವಿ ಕೆಳಗೆ ಬರೋ ಕಾಲೇಜು, ಮಾರ್ಕ್ಸೂ ಚೆನ್ನಾಗೇ ಬಂದೈತೆ. ಭಾವಂಗೆ ಬ್ಯಾಂಕ್ ಎಕ್ಸಾಮ್ ಬರೀಲಿ ಅಂತ, ಅಕ್ಕಂಗೆ ಸಿಎ ಮಾಡ್ಲಿ ಅಂತ, ಇವಳು ನೋಡಿದ್ರೆ ಬೆಳಗ್ಗೆ ಎದ್ದು ಹಲ್ಲುಜ್ಜೋಕ್ ಮುಂಚೆ ಇಂಗ್ಲಿಷ್ ಬಿಸಿನೆಸ್ ಚಾನೆಲ್ ಹಾಕ್ಕೊಂಡು ಕೂತ್ಕೊತಾಳೆ, ಅಲ್ಲಿ ಕೂತು ಮಾತಾಡೋ ಆಂಕರ್ ಥರ ಆಗ್ಬೇಕಂತೆ. ಮನೇಲಿ ಯಾರ್ಗೂ ಈ ಕೆಲ್ಸದ ತಲೆಬುಡ ಗೊತ್ತಿಲ್ಲ. ಏನ್ ಓದ್ಬೇಕು, ಸಂಬಳ ಹೆಂಗೆ, ಕೋಲಾರದ ಕಡೆ ಹುಡ್ಗೀಗೆ ಅಲ್ಲಿ ಜಾಗ ಸಿಗುತ್ತಾ, ಬಾಂಬೆಗೇ ಹೋಗ್ಬೇಕಾ? ಗೊತ್ತಿರೋರು ಹೇಳಿ. ತಮಾಷೆ ಮಾಡೋರು ಪಕ್ಕದ ಥ್ರೆಡ್ಡಿಗೆ ಹೋಗಿ.

ಗುಮ್ಮ
ಮುಖ ಚೆನ್ನಾಗಿದ್ಯಾ? ಇಂಗ್ಲಿಷ್ ಸ್ಟೈಲಾಗಿ ಬರುತ್ತಾ? ಎರಡೂ ಇದ್ರೆ ಸಾಕು, ಬಾಕಿದು ಮುಂದ್ಗಡೆ ಪ್ರಾಂಪ್ಟರ್‌ನಲ್ಲಿ ಓಡುತ್ತೆ ಓದೋದೇ. ಬ್ಯಾಂಕ್ ಎಕ್ಸಾಮ್ ಬರ್ಸಿ ಅಣ್ಣ.

ಬುಲೆಟಿನ್_ಶ್ರೀನಿವಾಸಪುರ
@ಗುಮ್ಮ ಈ ಮಾತು ಕೇಳಿ ಕೇಳಿ ಕಿವಿ ತೂತಾಗಿದೆ. ನಾನು ಬೆಂಗಳೂರಲ್ಲಿ ಕನ್ನಡ ಚಾನೆಲ್ ಒಂದ್ರಲ್ಲಿ ಬುಲೆಟಿನ್ ಓದ್ತೀನಿ. ಪ್ರಾಂಪ್ಟರ್ ಓಡೋದು ನಿಜ, ಆದ್ರೆ ಬ್ರೇಕಿಂಗ್ ಬಂದ್ರೆ ಅದು ಖಾಲಿ ಪಾಟಿ. ಅಮೆರಿಕಾದಲ್ಲಿ ಮರಿಯಾ ಬಾರ್ಟಿರೋಮೊ ಅಂತ ಇದಾರೆ, 1995ರಲ್ಲಿ ನ್ಯೂಯಾರ್ಕ್ ಸ್ಟಾಕ್ ಎಕ್ಸ್‌ಚೇಂಜ್ ಫ್ಲೋರಲ್ಲೇ ನಿಂತು ದಿನಾ ಲೈವ್ ಕೊಟ್ಟ ಮೊದಲ್ನೇ ಟಿವಿ ಪತ್ರಕರ್ತೆ, ಸುತ್ತ ಟ್ರೇಡರ್‌ಗಳು ಕಿರುಚ್ಕೊಂಡು ತಳ್ಕೊಂಡು ಓಡಾಡ್ತಿರೋವಾಗ. ಅವರಿಗೂ ಜನ ಅಡ್ಡಹೆಸರು ಇಟ್ಟಿದ್ದು ಮುಖದ ಮೇಲೇನೇ. ನಿಮ್ಮಂಥೋರು ಅಲ್ಲೂ ಇದ್ರು ಅಂತ ಹೇಳ್ದೆ ಅಷ್ಟೆ.

ಮಾವ ಅವರೇ, ನಿಮ್ ಪ್ರಶ್ನೆಗೆ ಬರ್ತೀನಿ. ಕನ್ನಡದಲ್ಲಿ ಬಿಸಿನೆಸ್ಸಿಗೆ ಅಂತಾನೇ ಚಾನೆಲ್ ಇಲ್ಲ. ಹಿಂದಿಗೆ ಸಿಎನ್‌ಬಿಸಿ ಆವಾಜ್ 2005ರಲ್ಲೇ ಬಂತು, ಗುಜರಾತಿಗೆ ಸಿಎನ್‌ಬಿಸಿ ಬಜಾರ್ 2014ರಲ್ಲಿ ಬಂತು, ನಮಗೆ ಬಂದಿಲ್ಲ. ನಮ್ ಚಾನೆಲ್‌ಗಳಲ್ಲಿ ಚಿನ್ನದ ರೇಟು, ಪೆಟ್ರೋಲ್ ರೇಟು, ಬಜೆಟ್ ದಿನ ಒಂದು ಪ್ಯಾನೆಲ್, ಮುಗೀತು. ಬೆಳಗ್ಗೆ ಕೊಲೆ ಕೇಸ್ ಓದಿರ್ತೀನಿ, ಮಧ್ಯಾಹ್ನ ಅದೇ ಬಾಯಲ್ಲಿ ರೆಪೊ ದರ (ರಿಸರ್ವ್ ಬ್ಯಾಂಕು ಬೇರೆ ಬ್ಯಾಂಕುಗಳಿಗೆ ಕೊಡೋ ಸಾಲದ ಬಡ್ಡಿ) ಓದ್ತೀನಿ. ಹಂಗಾಗಿ ಅವಳಿಗೆ ಪೂರ್ತಿ ಬಿಸಿನೆಸ್ಸೇ ಬೇಕು ಅಂದ್ರೆ ಇಂಗ್ಲಿಷ್ ಇಲ್ಲಾ ಹಿಂದಿ, ಅಂದ್ರೆ ಹೆಚ್ಚುಕಮ್ಮಿ ಮುಂಬೈ.

ಗುಮ್ಮ
ಸರಿ ಮೇಡಂ ಮುಖದ್ ಮಾತು ವಾಪಸ್. ಆದ್ರೂ ಬ್ಯಾಂಕೇ ಸೇಫು.

ಬಂಗಾರಪೇಟೆ_ಪಿಸಿಆರ್
ತಡವಾಗಿ ನೋಡ್ದೆ. ನಾನು ಮುಂಬೈನಲ್ಲಿ ಒಂದು ಬಿಸಿನೆಸ್ ಚಾನೆಲ್‌ನಲ್ಲಿ ಪ್ರೊಡ್ಯೂಸರ್ ಆಗಿದ್ದೆ, ಈಗ ವಾಪಸ್ ಊರು. ಪಿಸಿಆರ್ ಅಂದ್ರೆ ಸ್ಟುಡಿಯೋ ಪಕ್ಕದ ಕಂಟ್ರೋಲ್ ರೂಮು, ಆಂಕರ್ ಕಿವೀಲಿ ಮಾತಾಡೋರು ಅಲ್ಲಿ ಕೂತಿರ್ತಾರೆ. ಉದ್ದ ಆಗುತ್ತೆ, ಓದೋರು ಓದ್ಕೊಳಿ.

ಬೆಳಗಿನ ಶೋ ಆಂಕರ್ ಐದೂವರೆ ಆರಕ್ಕೆಲ್ಲ ಆಫೀಸಲ್ಲಿ ಇರ್ಬೇಕು. ರಾತ್ರಿ ಅಮೆರಿಕಾ ಮಾರ್ಕೆಟ್ ಎಲ್ಲಿ ಮುಗೀತು, ಜಪಾನ್ ಹಾಂಗ್‌ಕಾಂಗ್ ಹೆಂಗಿದೆ, ಕಚ್ಚಾತೈಲ ಎಷ್ಟು, ಗಿಫ್ಟ್ ನಿಫ್ಟಿ ಏನ್ ಹೇಳ್ತೈತೆ (ನಮ್ ಮಾರ್ಕೆಟ್ ತೆರೆಯೋಕ್ ಮುಂಚೆ ಅದು ಎತ್ತ ಹೋಗ್ಬೋದು ಅಂತ ಸುಳಿವು ಕೊಡೋ ವಹಿವಾಟು), ಹಿಂದಿನ ದಿನ ಸಂಜೆ ಮಾರ್ಕೆಟ್ ಮುಗಿದ್ಮೇಲೆ ಯಾವ ಕಂಪನಿ ರಿಸಲ್ಟ್ ಬಿಟ್ಟಿದೆ, ಇಷ್ಟೂ ಮೇಕಪ್ ಚೇರಲ್ಲಿ ಕೂತಾಗ್ಲೇ ತಲೆಗೆ ಹೋಗಿರ್ಬೇಕು. 9ಕ್ಕೆ ಪ್ರೀ ಓಪನ್ (ಶುರುವಿನ ಬೆಲೆ ಗೊತ್ತಾಗೋ ಹೊತ್ತು), 9.15ಕ್ಕೆ ಮಾರ್ಕೆಟ್ ತೆರೆಯೋ ಗಂಟೆ. ಅಲ್ಲಿಂದ ಶುರು. ಕಿವೀಲಿ ನಾವು "ಗೆಸ್ಟ್ ಲೈನಲ್ಲಿದಾರೆ, ಬ್ರೇಕಿಗೆ 40 ಸೆಕೆಂಡ್, ಆ ಬ್ಯಾಂಕ್ ಷೇರು 4 ಪರ್ಸೆಂಟ್ ಬಿತ್ತು ನೋಡು" ಅಂತ ಒದರ್ತಿರ್ತೀವಿ, ಎದುರಿಗೆ ಒಬ್ಬ ಕಂಪನಿ ಎಂಡಿ ಮಾತಾಡ್ತಿರ್ತಾನೆ, ಆಂಕರ್ ಎರಡೂ ಕೇಳಿಸ್ಕೊಂಡು ಅವನು ಜಾರಿಸ್ಕೊಂಡ ಉತ್ತರದ ಮೇಲೆ ಮತ್ತೊಂದು ಪ್ರಶ್ನೆ ಹಾಕ್ಬೇಕು. ಓದೋದು ಅನ್ನೋದು ಈ ಕೆಲ್ಸದಲ್ಲಿ ಹತ್ತರಲ್ಲಿ ಒಂದು ಪಾಲೂ ಇಲ್ಲ, ಪೂರ್ತಿ ಕೇಳಿಸ್ಕೊಳ್ಳೋದೇ.

ಒಂದು ದಿನದ ಕತೆ ಹೇಳ್ತೀನಿ. 2025 ಜೂನ್ 6, ರಿಸರ್ವ್ ಬ್ಯಾಂಕ್ ಪಾಲಿಸಿ. ನಾನಾಗ್ಲೇ ಬಿಟ್ಟು ಬಂದಿದ್ದೆ, ಮನೇಲಿ ಕೂತು ನೋಡ್ತಿದ್ದೆ. ಹೆಚ್ಚಿನೋರು ಕಾಲು ಪರ್ಸೆಂಟ್ ಇಳಿಸ್ತಾರೆ ಅಂತಿದ್ರು. 10 ಗಂಟೆಗೆ ಗವರ್ನರ್ ಓದೋಕೆ ಶುರು ಮಾಡಿದ್ರು, ರೆಪೊ ಅರ್ಧ ಪರ್ಸೆಂಟ್ ಇಳೀತು, 6ರಿಂದ 5.5. ಎಲ್ಲಾ ಚಾನೆಲ್ಲೂ ಕೆಂಪು ಪಟ್ಟಿ ಹಾಕಿ ಕುಣಿದಾಡ್ತು. ಆದ್ರೆ ಅದೇ ಭಾಷಣದಲ್ಲಿ ಇನ್ನೂ ಎರಡು ವಿಷಯ ಇದ್ವು. ಒಂದು ಸಿಆರ್‌ಆರ್ (ಬ್ಯಾಂಕುಗಳು ಠೇವಣಿಯಲ್ಲಿ ರಿಸರ್ವ್ ಬ್ಯಾಂಕಲ್ಲಿ ಇಡ್ಬೇಕಾದ ಪಾಲು) 4 ಪರ್ಸೆಂಟಿಂದ 3ಕ್ಕೆ, ನಾಲ್ಕು ಕಂತಲ್ಲಿ. ಇನ್ನೊಂದು ನಿಲುವು, ಅಕಾಮಡೇಟಿವ್ (ಬಡ್ಡಿ ಇಳಿಸೋ ಕಡೆ ಒಲವು) ಇದ್ದಿದ್ದು ನ್ಯೂಟ್ರಲ್ (ಯಾವ ಕಡೆಗೂ ಒಲವಿಲ್ಲ) ಆಯ್ತು. ಅಂದ್ರೆ "ಇವತ್ತು ದೊಡ್ಡದಾಗಿ ಕೊಟ್ಟಿದೀವಿ, ಇನ್ಮೇಲೆ ಸುಮ್ನೆ ಕೇಳ್ಬೇಡಿ" ಅಂತ. ಕುಣೀತಿರೋ ಗದ್ದಲದಲ್ಲಿ ಈ ಮೂರನೇದನ್ನ ಹಿಡ್ಕೊಂಡು "ತಡೀರಿ, ನಿಲುವು ಬದ್ಲಾಯ್ತು" ಅಂದವರೇ ಆಂಕರ್. ಬಾಕಿಯೋರು ಅನೌನ್ಸರ್.

ಆಂಕರ್ ಸೀಟಿಗೆ ನೇರ ಬಾಗಿಲು ಬಹಳ ಕಮ್ಮಿ. ಡೆಸ್ಕಲ್ಲಿ ಟಿಕರ್ (ಪರದೆ ಕೆಳಗೆ ಓಡೋ ಸುದ್ದಿ ಸಾಲು) ಬರ್ಯೋದು, ಗೆಸ್ಟ್‌ಗಳಿಗೆ ಫೋನ್ ಮಾಡೋದು, ರಿಸಲ್ಟ್ ಸೀಸನ್‌ನಲ್ಲಿ ಎಕ್ಸ್‌ಚೇಂಜ್ ವೆಬ್‌ಸೈಟ್ ರಿಫ್ರೆಶ್ ಹೊಡೀತಾ ಕೂರೋದು, ಆಮೇಲೆ ರಿಪೋರ್ಟಿಂಗು, ಆಮೇಲೆ ಮಧ್ಯಾಹ್ನ ಯಾರೂ ನೋಡ್ದಿರೋ ಸ್ಲಾಟಲ್ಲಿ ಅರ್ಧ ಗಂಟೆ. ಸಂಬಳ ಕೇಳಿದ್ರಿ. ಶುರುನಲ್ಲಿ ಮುಂಬೈ ಪಿಜಿ ಬಾಡಿಗೆ, ಲೋಕಲ್ ಪಾಸು, ಊಟಕ್ಕೆ ಹೋಗಿ ಮನೆಗೆ ಕಳ್ಸೋಕೆ ಏನೂ ಉಳಿಯಲ್ಲ, ಇದನ್ನ ಅಕ್ಕಂಗೆ ಮೊದ್ಲೇ ಹೇಳ್ಬಿಡಿ. ಹೆಸ್ರು ಬಂದ್ಮೇಲೆ ಚೆನ್ನಾಗೇ ಐತೆ, ಆ ಹೆಸ್ರು ಬರೋದು ಕೆಲವರಿಗೆ ಮಾತ್ರ.

ಮುಳಬಾಗಿಲು_ಮಾವ
ಅಣ್ಣ ಇಷ್ಟು ಯಾರೂ ಹೇಳಿರ್ಲಿಲ್ಲ. ಪೂರ್ತಿ ಅವಳಿಗೆ ಫಾರ್ವರ್ಡ್ ಮಾಡ್ದೆ. ಐದೂವರೆಗೆ ಆಫೀಸು ಅನ್ನೋದನ್ನ ಅಕ್ಕಂಗೆ ಇನ್ನೂ ಹೇಳಿಲ್ಲ 😄

ಕೆಜಿಎಫ್_ಐದ್ನೇ_ಲೈನ್
ನಾನು ಬೇರೆ ಮಾತು ಹೇಳ್ತೀನಿ, ಬೇಜಾರ್ ಮಾಡ್ಕೊಬೇಡಿ. ಈ ಆಂಕರ್‌ಗಳ ಮಾತು ಕೇಳಿ ಆಪ್ಷನ್ಸ್‌ನಲ್ಲಿ ದುಡ್ಡು ಕಳ್ಕೊಂಡೋರು ನಮ್ ಏರಿಯಾದಲ್ಲೇ ಎಷ್ಟ್ ಜನ ಬೇಕು, ನಾನೂ ಒಬ್ಬ. ಷೇರುಪೇಟೆ ನಿಯಂತ್ರಕ ಸೆಬಿನೇ ಲೆಕ್ಕ ಕೊಟ್ಟಿದೆಯಲ್ಲ, 2022ರಿಂದ 2024ರ ಮೂರು ಹಣಕಾಸು ವರ್ಷದಲ್ಲಿ ಎಫ್ ಅಂಡ್ ಓ (ಫ್ಯೂಚರ್ಸ್, ಆಪ್ಷನ್ಸ್, ಅಂದ್ರೆ ಮುಂದಿನ ಬೆಲೆ ಮೇಲಿನ ಒಪ್ಪಂದಗಳು) ಮಾಡಿದ ನೂರು ಜನ್ರಲ್ಲಿ 93 ಜನ ಲಾಸು, ಒಟ್ಟು 1.8 ಲಕ್ಷ ಕೋಟಿಗೂ ಮೇಲೆ. ಟಿವಿನಲ್ಲಿ "ಇದು ಬೈ, ಟಾರ್ಗೆಟ್ ಇಷ್ಟು, ಸ್ಟಾಪ್‌ಲಾಸ್ ಇಷ್ಟು" ಅಂತ ಹೇಳ್ಸಿ ನಗ್ತಾ ಬ್ರೇಕಿಗೆ ಹೋಗ್ತಾರೆ, ಮಧ್ಯಾಹ್ನ ಅದು ಬಿದ್ರೆ ಅದರ ಸುದ್ದೀನೇ ಇಲ್ಲ. ಅಂಥ ಕೆಲ್ಸಕ್ಕೆ ಮನೆ ಮಗು ಕಳಿಸ್ತೀರಾ?

ಬಂಗಾರಪೇಟೆ_ಪಿಸಿಆರ್
@ಕೆಜಿಎಫ್_ಐದ್ನೇ_ಲೈನ್ ಇದಕ್ಕೆ ನನ್ ಹತ್ರ ಸಮರ್ಥನೆ ಇಲ್ಲ, ನೀವು ಹೇಳಿದ್ದು ಸರೀನೇ. ಇನ್ನೂ ಕೆಟ್ಟದ್ದೂ ನಡ್ದಿದೆ. 2021 ಜನವರಿಯಲ್ಲಿ ಒಂದು ಹಿಂದಿ ಬಿಸಿನೆಸ್ ಚಾನೆಲ್‌ನ ಆಂಕರ್ ಮೇಲೆ ಸೆಬಿ ಮಧ್ಯಂತರ ಆದೇಶ ಹಾಕ್ತು. ಅದ್ರಲ್ಲಿ ಹೇಳಿದ್ದು ಏನಂದ್ರೆ ಅವರು ಮಾರನೇ ದಿನ ಶೋನಲ್ಲಿ ಯಾವ ಷೇರು ಹೇಳ್ತಾರೋ ಅದನ್ನ ಮನೆಯವರ ಅಕೌಂಟಲ್ಲಿ ಹಿಂದಿನ ದಿನ ಕೊಂಡು, ಶೋ ಆಗ್ತಿದ್ದಂಗೆ ಮಾರ್ತಿದ್ರು ಅಂತ. 2024 ಫೆಬ್ರವರಿಯಲ್ಲಿ ಇನ್ನೊಂದು ಚಾನೆಲ್‌ಗೆ ಬರ್ತಿದ್ದ ಗೆಸ್ಟ್ ಎಕ್ಸ್‌ಪರ್ಟ್‌ಗಳ ಮೇಲೂ ಆದೇಶ ಬಂತು, ಟಿವಿನಲ್ಲಿ ಹೇಳೋಕ್ ಮುಂಚೇನೇ ತಮ್ಮವರಿಗೆ ಹೇಳ್ತಿದ್ರು ಅಂತ, 7 ಕೋಟಿಗೂ ಮೇಲೆ ತಡೆ ಹಿಡಿದ್ರು.

ನಾನಿದ್ದ ಕಡೆ ಕೆಲ್ಸಕ್ಕೆ ಸೇರಿದ ದಿನಾನೇ ನನ್ ಹೆಸ್ರಲ್ಲಿ ಮನೆಯವರ ಹೆಸ್ರಲ್ಲಿ ಯಾವ್ ಯಾವ್ ಷೇರು ಇದೆ ಅಂತ ಬರ್ಕೊಟ್ಟಿದ್ದೆ, ಇವತ್ ತಗೊಂಡು ನಾಳೆ ಮಾರೋದು ಪೂರ್ತಿ ಬಂದ್. ಹುಡ್ಗಿ ಈ ಲೈನಿಗೆ ಬಂದ್ರೆ ಅವಳಷ್ಟೇ ಅಲ್ಲ, ಮನೆಯವರ ಡಿಮ್ಯಾಟ್ (ಷೇರು ಇಡೋ) ಅಕೌಂಟೂ ಲೆಕ್ಕಕ್ಕೆ ಬರುತ್ತೆ. ಮಾವ, "ಅಮ್ಮಣ್ಣಿ, ನಾಳೆ ಯಾವ್ದು ಏರುತ್ತೆ" ಅಂತ ಫೋನ್ ಮಾಡೋ ನೆಂಟ್ರನ್ನ ನೀವೇ ತಡೀಬೇಕು.

ಮುಳಬಾಗಿಲು_ಮಾವ
ಭಾವಾನೇ ಮೊದಲ್ನೇ ಫೋನ್ ಮಾಡ್ತಾರೆ, ಗ್ಯಾರಂಟಿ.

ಸಿಎ_ಮಾಲೂರು
ನಾನು ಪ್ರ್ಯಾಕ್ಟೀಸ್ ಮಾಡ್ತಿರೋ ಸಿಎ. ಅಕ್ಕಂಗೆ ಸಿಎ ಆಸೆ ಇದೆ ಅಂದ್ರಲ್ಲ, ಸಿಎ ಮಾಡಿಯೂ ಟಿವಿಗೆ ಹೋಗ್ಬೋದು, ಆದ್ರೆ ಅದಕ್ಕೋಸ್ಕರ ಮಾಡೋದು ಬೇಡ, ವರ್ಷಗಟ್ಟಲೆ ಹೋಗುತ್ತೆ. ಬೇಕಾಗಿರೋದು ಲೆಕ್ಕ ಓದೋ ಅಭ್ಯಾಸ. ಒಂದು ಉದಾಹರಣೆ. 2025ರ ಬಜೆಟ್ ದಿನ ಎಲ್ಲಾ ಟಿವಿನಲ್ಲೂ "12 ಲಕ್ಷದವರೆಗೆ ತೆರಿಗೆ ಇಲ್ಲ". ಸಂಜೆಯಿಂದ ನನ್ ಫೋನ್ ಬಿಡುವಿಲ್ಲ. ನರಸಾಪುರದ ಫ್ಯಾಕ್ಟರಿನಲ್ಲಿ ಕೆಲ್ಸ ಮಾಡೋ ಮ್ಯಾನೇಜರ್ ಒಬ್ರು, "ಮೇಡಂ ನಂದು 13 ಲಕ್ಷ, ಹಂಗಾದ್ರೆ ಮೇಲಿನ 1 ಲಕ್ಷಕ್ಕೆ ಮಾತ್ರ ಟ್ಯಾಕ್ಸು ಅಲ್ವಾ?" ಅಲ್ಲ ಸ್ವಾಮಿ. ಸ್ಲ್ಯಾಬ್ 4 ಲಕ್ಷದಿಂದಾನೇ ಶುರು, 12ರವರೆಗೆ ಇರೋರಿಗೆ ರಿಬೇಟ್ ಕೊಟ್ಟು ಸೊನ್ನೆ ಮಾಡ್ತಾರೆ ಅಷ್ಟೆ. ತೆರಿಗೆ ಹಾಕೋ ಆದಾಯ 13 ಲಕ್ಷ ಆದ್ರೆ 4ರಿಂದ 8ಕ್ಕೆ 20 ಸಾವಿರ, 8ರಿಂದ 12ಕ್ಕೆ 40 ಸಾವಿರ, ಮೇಲಿನ ಲಕ್ಷಕ್ಕೆ 15 ಸಾವಿರ, ಸೆಸ್ ಸೇರಿ 78 ಸಾವಿರ. ಸಂಬಳದವರಿಗೆ 75 ಸಾವಿರ ಸ್ಟ್ಯಾಂಡರ್ಡ್ ಡಿಡಕ್ಷನ್ ಇದೆ, 12 ಲಕ್ಷ ಸ್ವಲ್ಪವೇ ದಾಟಿದೋರಿಗೆ ದಾಟಿದ ದುಡ್ಡಿಗಿಂತ ತೆರಿಗೆ ಜಾಸ್ತಿ ಆಗ್ದಂಗೆ ಮಾರ್ಜಿನಲ್ ರಿಲೀಫೂ ಇದೆ, ಹಂಗಾಗಿ ಅವರ ಲೆಕ್ಕ ಸೆಸ್ ಸೇರಿ 26 ಸಾವಿರಕ್ಕೆ ಇಳೀತು, ಆದ್ರೂ ಅವರು ಅಂದ್ಕೊಂಡಷ್ಟಲ್ಲ. ಟಿವಿನಲ್ಲಿ ಒಬ್ಬ ಆಂಕರ್ ಅರ್ಧ ನಿಮಿಷ ತಗೊಂಡು "ಇದು ಸ್ಲ್ಯಾಬ್ ಅಲ್ಲ, ರಿಬೇಟ್" ಅಂದಿದ್ರೆ ನನಗೆ ಅವತ್ತು ರಾತ್ರಿ ಊಟ ಟೈಮಿಗೆ ಆಗ್ತಿತ್ತು.

ಬುಲೆಟಿನ್_ಶ್ರೀನಿವಾಸಪುರ
ಸಿಎ ಅಕ್ಕ, ಆ ಸಾಲು ಅವತ್ತು ನಾನೂ ಓದಿದ್ದೆ. ಹಂಗೇ ಬರೆದು ಕೊಟ್ಟಿದ್ರು, ಕೆಳಗೆ ವಿವರಕ್ಕೆ ಜಾಗಾನೇ ಇರ್ಲಿಲ್ಲ, ಮುಂದಿನ ಸೆಕೆಂಡಿಗೆ ಬೇರೆ ಬ್ರೇಕಿಂಗು. ಕನ್ನಡದಲ್ಲಿ ಬಿಸಿನೆಸ್ ಡೆಸ್ಕ್ ಅಂತ ಇಲ್ದೇ ಇರೋದ್ರ ಫಲ ಇದು.

ಗುಮ್ಮ
ಫಿಲಾಸಫಿ ಓದಿದೋರೂ ಬಿಸಿನೆಸ್ ಆಂಕರ್ ಆಗಿದಾರಂತೆ ಯಾರೋ ಹೇಳಿದ್ರು, ನಿಜಾನಾ?

ಬಂಗಾರಪೇಟೆ_ಪಿಸಿಆರ್
ನಿಜ. ಬಿಸಿನೆಸ್ ಆಂಕರ್ ಶಿರೀನ್ ಭಾನ್ ಓದಿದ್ದು ದೆಹಲಿ ಸೇಂಟ್ ಸ್ಟೀಫನ್ಸ್‌ನಲ್ಲಿ ಫಿಲಾಸಫಿ, ಆಮೇಲೆ ಪುಣೆ ವಿವಿನಲ್ಲಿ ಕಮ್ಯುನಿಕೇಷನ್. 1999 ಡಿಸೆಂಬರ್‌ನಲ್ಲಿ ಇಂಗ್ಲಿಷ್ ಬಿಸಿನೆಸ್ ಚಾನೆಲ್ ಸಿಎನ್‌ಬಿಸಿ ಇಂಡಿಯಾ ಶುರುವಾಯ್ತು, ಅವರು 2000ದಲ್ಲಿ ಸೇರಿದ್ರು, 2013ರಲ್ಲಿ ಮ್ಯಾನೇಜಿಂಗ್ ಎಡಿಟರ್. ಅವರಿಗಿಂತ ಮುಂಚೆ ಆ ಕುರ್ಚೀಲಿದ್ದ ಉದಯನ್ ಮುಖರ್ಜಿ, ಬೆಳಗ್ಗೆ ಮಾರ್ಕೆಟ್ ಶೋ ಅಂದ್ರೆ ಅವರೇ ಅನ್ನೋ ಕಾಲ ಇತ್ತು, ಅಂಥೋರೇ ದಿನಾ ಕೂರೋದು ಬಿಟ್ಟು ಕಾದಂಬರಿ ಬರ್ಯೋಕೆ ಹೋದ್ರು. ದಿನಾ ಅಷ್ಟೊತ್ತಿಗೆ ಎದ್ದು ಅದೇ ಏರಿಳಿತ ಮಾತಾಡೋದು ಎಂಥೋರನ್ನೂ ಹಿಂಡುತ್ತೆ, ಇದು ನನ್ ಅಭಿಪ್ರಾಯ.

ಇನ್ನೊಂದು, ಚಾನೆಲ್ಲೇ ಶಾಶ್ವತ ಅಲ್ಲ. ಎನ್‌ಡಿಟಿವಿ ಪ್ರಾಫಿಟ್ 2005ರಲ್ಲಿ ಬಂತು, 2017ರಲ್ಲಿ ನಿಂತೋಯ್ತು, 2023 ಡಿಸೆಂಬರ್‌ನಲ್ಲಿ ಮತ್ತೆ ಬಂತು. ಆ ನಡುವೆ ಅಲ್ಲಿದ್ದೋರು ಎಲ್ಲೆಲ್ಲಿಗೋ ಚೆದುರಿ ಹೋದ್ರು. ಭಾವಂಗೆ ಬ್ಯಾಂಕ್ ಕೆಲ್ಸದ ಭದ್ರತೆ ಬೇಕು ಅಂದ್ರೆ ಅದು ಇಲ್ಲಿ ಖಂಡಿತ ಇಲ್ಲ.

ಟೊಮೊಟೊ_ಮಂಡಿ
ಎಲ್ಲಾ ಓದ್ದೆ. ನಂಗೆ ಷೇರು ಗೀರು ಗೊತ್ತಿಲ್ಲ, ಕೋಲಾರ ಎಪಿಎಂಸಿನಲ್ಲಿ ನಮ್ದು ಮಂಡಿ. 2023 ಜುಲೈನಲ್ಲಿ ಟೊಮೊಟೊ ಚಿನ್ನ ಆಗಿತ್ತಲ್ಲ, ಆಗ ದೆಹಲಿ ಬಾಂಬೆ ಟಿವಿಯೋರು ಸಾಲಾಗಿ ಬಂದಿದ್ರು. ಬಂದೋರೆಲ್ಲ ಒಂದೇ, ಕ್ರೇಟ್ ಮುಂದೆ ನಿಂತು "ಬಾಕ್ಸ್ 2 ಸಾವಿರ ದಾಟಿದೆ, ರೈತ ಕೋಟ್ಯಧಿಪತಿ" ಅಂತ ಕೂಗಿ ಹೊರಡೋರು. ಒಂದು ಹೆಣ್ಮಗು ಮಾತ್ರ ಮೈಕ್ ಆಫ್ ಮಾಡಿ ಹರಾಜು ಮುಗಿಯೋವರ್ಗೂ ನಮ್ ಪಕ್ಕದಲ್ಲೇ ನಿಂತಿತ್ತು. ಆಮೇಲೆ ಕೇಳಿದ್ಲು, "ಅಣ್ಣ ಈ 2 ಸಾವಿರ ಯಾವ ಲಾಟಿಗೆ? ಇವತ್ತಿನ ಎಲ್ಲಾ ಬಾಕ್ಸಿಗಾ, ಇಲ್ಲಾ ಮೊದಲ್ನೇ ಕ್ವಾಲಿಟಿಗಾ? ಬಾಕ್ಸಲ್ಲಿ 15 ಕೆಜಿನಾ? ಕಮಿಷನ್ನು, ಲೋಡಿಂಗು ಹೋಗಿ ರೈತಂಗೆ ಎಷ್ಟು? ಇಷ್ಟು ರೇಟು ಇರೋವಾಗ ತೋಟದಲ್ಲಿ ಬೆಳೆ ಉಳ್ದಿರೋದು ಎಷ್ಟು ಜನಕ್ಕೆ?"

ಅವಳು ಕೇಳಿದ್ದೇ ಸರಿ. ಟಾಪ್ ರೇಟು ಸಿಕ್ಕಿದ್ದು ಕೆಲವು ಲಾಟಿಗೆ, ಎರಡ್ನೇ ಮೂರ್ನೇ ಕ್ವಾಲಿಟಿ ಅದಕ್ಕಿಂತ ಬಹಳ ಕೆಳಗೆ ಹೋಯ್ತು. ಎಲೆಮುದುಡು ರೋಗ ಬಂದು ತೋಟಾನೇ ಕಿತ್ತಾಕಿದೋರಿಗೆ ರೇಟು 2 ಸಾವಿರ ಆದ್ರೇನು 3 ಸಾವಿರ ಆದ್ರೇನು. ನಿಮ್ ಹುಡ್ಗಿ ಆ ಥರ ಕೇಳೋ ಹಂಗಿದ್ರೆ ಕಳ್ಸಿ, ಕೂಗೋ ಹಂಗಿದ್ರೆ ಬ್ಯಾಂಕೇ ವಾಸಿ.

ಬಂಗಾರಪೇಟೆ_ಪಿಸಿಆರ್
@ಟೊಮೊಟೊ_ಮಂಡಿ ಅಣ್ಣ ನಾನು ಉದ್ದುದ್ದ ಬರ್ದಿದ್ದಕ್ಕಿಂತ ನಿಮ್ದು ಚೆನ್ನಾಗಿದೆ. ನಮ್ ನರಸಾಪುರದ್ದೇ ನೋಡಿ, 2020 ಡಿಸೆಂಬರ್‌ನಲ್ಲಿ ಐಫೋನ್ ಜೋಡಿಸ್ತಿದ್ದ ತೈವಾನ್ ಕಂಪನಿ ವಿಸ್ಟ್ರಾನ್ ಫ್ಯಾಕ್ಟರಿ ಗಲಾಟೆ. ಪೊಲೀಸ್ ದೂರಲ್ಲಿ ನಷ್ಟ 437 ಕೋಟಿ ಅಂತ ಬಂತು, ದೇಶದ ಟಿವಿ ಎಲ್ಲಾ ಅದನ್ನೇ ಹಿಡ್ಕೊಂಡ್ವು. ಕೆಲವೇ ದಿನದಲ್ಲಿ ಅದೇ ಕಂಪನಿ ತೈವಾನ್ ಎಕ್ಸ್‌ಚೇಂಜಿಗೆ ಹೇಳಿದ್ದು 10ರಿಂದ 20 ಕೋಟಿ ತೈವಾನ್ ಡಾಲರ್, ನಮ್ ದುಡ್ಡಲ್ಲಿ ಜಾಸ್ತಿ ಅಂದ್ರೂ 52 ಕೋಟಿ ಆಸುಪಾಸು. ಪೊಲೀಸ್ ದೂರಲ್ಲಿ ಬರ್ಸಿದ ಲೆಕ್ಕ ಬೇರೆ, ಷೇರುದಾರರಿಗೆ ಹೇಳ್ಬೇಕಾದ ಲೆಕ್ಕ ಬೇರೆ. ಮೊದಲ್ನೇ ದಿನಾನೇ "ಈ 437 ಯಾರು ಕೊಟ್ಟ ನಂಬರ್ರು" ಅಂತ ಕೇಳೋ ಆಂಕರ್ ಬೇಕಿತ್ತು.

ಅವಳೇ_ನಾನು
ನಮಸ್ಕಾರ, ಮಾವ ಬರ್ದಿರೋ ಅಕ್ಕನ ಮಗಳು ನಾನೇ. ಮಾವ, ಹಲ್ಲುಜ್ಜೋ ವಿಷಯ ಬರೀಬೇಕಿತ್ತಾ? 🙄

ಎಲ್ಲಾ ಓದಿದೀನಿ. ನಂಗೆ ಎರಡು ಡೌಟು. ಒಂದು, ನನ್ ಇಂಗ್ಲಿಷ್ ಗ್ರಾಮರ್ ಓಕೆ, ಆದ್ರೆ ಮಾತಾಡಿದ್ರೆ ಮುಳಬಾಗಿಲು ಗೊತ್ತಾಗುತ್ತೆ, ಮಧ್ಯೆ ತೆಲುಗು ರಾಗಾನೂ ಬರುತ್ತೆ, ಅದು ತೊಂದ್ರೆನಾ. ಎರಡು, ಕನ್ನಡದಲ್ಲಿ ಚಾನೆಲ್ ಇಲ್ಲ ಅಂದ್ರಲ್ಲ, ಯೂಟ್ಯೂಬಲ್ಲಿ ನಾನೇ ಶುರು ಮಾಡಿದ್ರೆ ಮುಂದೆ ಕೆಲ್ಸ ಕೇಳೋವಾಗ ತೋರಿಸೋಕೆ ಆಗುತ್ತಾ? ಷೇರ್ ಟಿಪ್ಸ್ ಕೊಡೋ ಐಡಿಯಾ ಇಲ್ಲ, ನನ್ ಹತ್ರ ಡಿಮ್ಯಾಟೇ ಇಲ್ಲ.

ಬುಲೆಟಿನ್_ಶ್ರೀನಿವಾಸಪುರ
ಬಾರಮ್ಮ. ರಾಗ ತೊಂದ್ರೆ ಇಲ್ಲ, ನಂದೂ ನಮ್ ಕಡೇದೇ. ನಂಬರ್ ತಡವರಿಸಿದ್ರೆ ತೊಂದ್ರೆ. ಮಿಲಿಯನ್, ಬಿಲಿಯನ್ ಕಿವಿಗೆ ಬಿದ್ದ ತಕ್ಷಣ ಬಾಯಲ್ಲಿ ಲಕ್ಷ, ಕೋಟಿ ಬರ್ಬೇಕು, ಪೆನ್ನು ಹಿಡೀದೇನೇ. ಬಸ್ಸಲ್ಲಿ ಕೂತಾಗ ಅದನ್ನೇ ಪ್ರ್ಯಾಕ್ಟೀಸ್ ಮಾಡು.

ಸಿಎ_ಮಾಲೂರು
ಯೂಟ್ಯೂಬ್ ಮಾಡು, ಆದ್ರೆ ನಿಯಮ ಓದ್ಕೊಂಡು ಮಾಡು. ಸೆಬಿ 2025 ಜನವರಿಯಲ್ಲಿ ಸುತ್ತೋಲೆ ಹಾಕಿತ್ತು, ಷೇರುಪೇಟೆ ಬಗ್ಗೆ ಬರೀ ಪಾಠ ಹೇಳ್ಕೊಡ್ತೀನಿ ಅನ್ನೋರು ಹಿಂದಿನ ಮೂರು ತಿಂಗಳ ಬೆಲೆ ತೋರಿಸಿ ಮಾತಾಡೋ ಹಂಗಿಲ್ಲ ಅಂತ. ಕೊಳ್ಳಿ ಮಾರಿ ಅಂತ ಹೇಳ್ಬೇಕು ಅಂದ್ರೆ ರಿಸರ್ಚ್ ಅನಲಿಸ್ಟ್ ರಿಜಿಸ್ಟ್ರೇಷನ್ ಬೇಕು. ಅದಕ್ಕೆ ಎನ್‌ಐಎಸ್‌ಎಂ (ಸೆಬಿಯ ತರಬೇತಿ ಸಂಸ್ಥೆ) ಪರೀಕ್ಷೆ ಇದೆ, ಸೀರೀಸ್ 15, ಪಾಸಿಗೆ 60 ಪರ್ಸೆಂಟ್, ತಪ್ಪು ಉತ್ತರಕ್ಕೆ ಮಾರ್ಕ್ಸ್ ಕಟ್. ನೀನು ಟಿಪ್ಸ್ ಕೊಡ್ದೇ ಇದ್ರೂ ಬರಿ, ಬ್ಯಾಲೆನ್ಸ್ ಶೀಟ್ ಓದೋದು ಕೈಗೆ ಹತ್ತುತ್ತೆ, ರೆಸ್ಯೂಮೆನಲ್ಲೂ ಕಾಣುತ್ತೆ. ಓದೋಕೇ ಹೋಗ್ಬೇಕು ಅಂದ್ರೆ ಚೆನ್ನೈನ ಏಷ್ಯನ್ ಕಾಲೇಜ್ ಆಫ್ ಜರ್ನಲಿಸಂನಲ್ಲಿ ಬಿಸಿನೆಸ್ ಜರ್ನಲಿಸಂ ಇದೆ, ಫೀಸ್ ನೋಡ್ಕೊಂಡು ಭಾವನ ಹತ್ರ ಮಾತಾಡಿ.

ಟೊಮೊಟೊ_ಮಂಡಿ
ಷೇರು ಯಾಕಮ್ಮ, ಟೊಮೊಟೊ ಮಾಡು, ಇದಕ್ಕೆ ಸೆಬಿ ಇಲ್ಲ 😂 ರೇಷ್ಮೆಗೂಡು ಐತೆ, ಶ್ರೀನಿವಾಸಪುರದ ಮಾವು ಐತೆ. ಮುಂಚೆ ಆಕಾಶವಾಣಿಲಿ ಪೇಟೆ ಧಾರಣೆ ಹೇಳೋರು, ನಮ್ಮಪ್ಪ ಅದನ್ನ ಕೇಳ್ದೆ ಅಂಗಡಿ ತೆಗೀತಿರ್ಲಿಲ್ಲ.

ಕೆಜಿಎಫ್_ಐದ್ನೇ_ಲೈನ್
ಇದಾದ್ರೆ ನಾನೂ ನೋಡ್ತೀನಿ.

ಅವಳೇ_ನಾನು
ನಿನ್ನೆ ಮೊಬೈಲಲ್ಲೇ ಒಂದು ಮಾಡ್ದೆ, ಕೋಲಾರ ಮಾರ್ಕೆಟ್ ಟೊಮೊಟೊ ರೇಟಿನ ಬಗ್ಗೆ, ಲಿಂಕ್ ಮಾವ ಕಳಿಸ್ತಾರೆ. ದಯವಿಟ್ಟು ನೋಡಿ ಹೇಳಿ, ಬೈದ್ರೂ ಪರ್ವಾಗಿಲ್ಲ.

ಬಂಗಾರಪೇಟೆ_ಪಿಸಿಆರ್
ನೋಡ್ದೆ. ದನಿ ಚೆನ್ನಾಗಿದೆ, ಅವಸರ ಇಲ್ಲ, ಒಳ್ಳೇದು. ಈಗ ಬೈಗುಳ. ಮೊದಲ್ನೇ ಸಾಲಲ್ಲೇ "ಭಾರಿ ಏರಿಕೆ" ಅಂದೆ. ಎಷ್ಟಿಂದ ಎಷ್ಟಕ್ಕೆ? ನಿನ್ನೆಗಿಂತನಾ, ಹೋದ ವಾರಕ್ಕಿಂತನಾ, ಹೋದ ವರ್ಷ ಇದೇ ತಿಂಗ್ಳಿಗಿಂತನಾ? ಅದು ಬಂದಿದ್ದು ವಿಡಿಯೋ ಅರ್ಧ ಮುಗಿದ್ಮೇಲೆ. "ಮಾರುಕಟ್ಟೆ ಮೂಲಗಳ ಪ್ರಕಾರ" ಅಂದ್ರೆ ಯಾರು? ನೀನು ಹೋಗಿದ್ಯಾ, ಇಲ್ಲಾ ವಾಟ್ಸಾಪಲ್ಲಿ ಬಂದಿದ್ದಾ? ಹಿಂದ್ಗಡೆ ಹಾಕಿರೋ ಮ್ಯೂಸಿಕ್ ತೆಗಿ, ನಂಬರ್ ಹೇಳೋವಾಗ ಕೇಳಿಸ್ತಾನೇ ಇಲ್ಲ. ಕೊನೇಲಿ ಮಳೆ ಬಂದು ಲಾರಿ ನಿಂತಿದ್ದಕ್ಕೆ ಆವಕ ಕಮ್ಮಿ ಆಯ್ತು ಅಂತ ಒಂದೇ ಸಾಲಲ್ಲಿ ಹೇಳ್ಬಿಟ್ಯಲ್ಲ, ಅದೇ ನಿನ್ ಸುದ್ದಿ. ಅದನ್ನ ಮೇಲೆ ತಗೊಂಡು ಬಾ, ಮತ್ತೆ ರೆಕಾರ್ಡ್ ಮಾಡಿ ಕಳ್ಸು.

ಟೊಮೊಟೊ_ಮಂಡಿ
ನೀನು ಹೇಳಿದ ರೇಟು ಮೊದಲ್ನೇ ಕ್ವಾಲಿಟಿದು ಕಣಮ್ಮ, ಗೋಲಿ ಸೈಜ್ ಮಾಲು ಅದ್ರ ಅರ್ಧಕ್ಕೂ ಹೋಗಿಲ್ಲ ನಿನ್ನೆ.

ಅವಳೇ_ನಾನು
ವಾಟ್ಸಾಪಲ್ಲಿ ಬಂದಿದ್ದೇ ಸರ್ 🙈 ಮಂಡಿ ಅಣ್ಣ, ಹರಾಜು ಎಷ್ಟೊತ್ತಿಗೆ ಶುರು? ಮುಳಬಾಗಿಲಿಂದ ಮೊದಲ್ನೇ ಬಸ್ಸಿಗೆ ಹೊರಟ್ರೆ ಸಿಗುತ್ತಾ?

ಟೊಮೊಟೊ_ಮಂಡಿ
ಸಿಗುತ್ತೆ ಬಾ. ಚಪ್ಪಲಿ ಬೇಡ, ಶೂ ಹಾಕ್ಕೊಂಡ್ ಬಾ, ಮಳೆಗೆ ಒಳಗೆಲ್ಲ ಕೊಚ್ಚೆ. ಬೇರೆ ಬೇರೆ ಮಂಡೀಲೂ ಕೇಳು, ನನ್ ಒಬ್ಬನ್ ಮಾತೇ ನಂಬ್ಕೊಂಡ್ ಹೋಗ್ಬೇಡ.